ಏರಿನ ಲೆಕ್ಕ

ಸೈಕಲ್ ಅಂಗಡಿಯಲ್ಲಿ ಪುಕ್ಕಟೆ ಕೊಡುವ ಬಣ್ಣದ ಕ್ಯಾಟಲಾಗುಗಳನ್ನು ಮನೆಗೆ ತಂದು ಕೂತು ಓದುವ ಹೆಂಗಸು ನಮ್ಮ ಊರಿನಲ್ಲಿ ನಾನೊಬ್ಬಳೇ ಇರಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಕೈಗೆ ಸಿಕ್ಕ ಬರಹ ಏನು ಹೇಳುತ್ತದೆ ಎನ್ನುವುದಕ್ಕಿಂತ, ಏನನ್ನು ಹೇಳದೆ ಜಾರಿಕೊಳ್ಳುತ್ತದೆ ಎಂದು ನೋಡುವ ಚಾಳಿ ನಿವೃತ್ತಿಯಾದ ಮಾತ್ರಕ್ಕೆ ಬಿಟ್ಟು ಹೋಗುವುದಿಲ್ಲ. ಮದುವೆಯ ಕರೆಯೋಲೆಯನ್ನೂ ಹಾಗೇ ಓದುತ್ತೇನೆ, ಔಷಧದ ಪೊಟ್ಟಣದೊಳಗಿನ ಚೀಟಿಯನ್ನೂ ಹಾಗೇ ಓದುತ್ತೇನೆ. ಸೈಕಲ್ ಕ್ಯಾಟಲಾಗುಗಳಲ್ಲಿ ಆ ಚಾಳಿಗೆ ಹೊಟ್ಟೆತುಂಬ ಮೇವು ಸಿಕ್ಕಿದೆ.

ಈ ಕ್ಯಾಟಲಾಗುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದು ಗೇರಿನ ಸಂಖ್ಯೆ. 18, 21, 24, 27. ಸಂಖ್ಯೆ ಹೆಚ್ಚಿದಷ್ಟೂ ಸೈಕಲ್ಲು ಶ್ರೇಷ್ಠ ಎಂಬ ಭಾವನೆ ಓದುವವರಲ್ಲಿ ತಾನಾಗಿ ಹುಟ್ಟಬೇಕು, ಅದೇ ಉದ್ದೇಶ. ಆದರೆ ಹಲ್ಲುಗಳ ಲೆಕ್ಕ, ಅಂದರೆ ಮುಂದಿನ ಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಚಕ್ರದಲ್ಲಿ ಎಷ್ಟು ಹಲ್ಲು ಎನ್ನುವ ಲೆಕ್ಕ, ಹಾಳೆಯ ತೀರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿರುತ್ತದೆ. ಎಷ್ಟೋ ಸಲ ಇರುವುದೇ ಇಲ್ಲ. ಸೀರೆಯಲ್ಲಿ ಎಷ್ಟು ಬಣ್ಣ ಇದೆ ಎಂದು ಹತ್ತು ಸಲ ಹೇಳಿ, ಉದ್ದ ಎಷ್ಟು ಎಂದು ಕೇಳಿದರೆ ಮುಖ ಬೇರೆ ಕಡೆ ತಿರುಗಿಸುವ ಅಂಗಡಿಯವನನ್ನು ನೀವು ನಂಬುತ್ತೀರಾ? ಸೈಕಲ್ಲಿನ ವಿಷಯದಲ್ಲಿ ಮಾತ್ರ ನಾವೆಲ್ಲ ನಂಬಿಬಿಡುತ್ತೇವೆ.

ಇದೆಲ್ಲ ಯಾಕೆ ತಲೆಗೆ ಹೊಕ್ಕಿತೆಂದರೆ, ನನ್ನ ಅಣ್ಣನ ಮಗಳು ಸೈಕಲ್ಲಿನ ಮೇಲೆ ಒಬ್ಬಳೇ ಊರು ಸುತ್ತಲು ಹೊರಟಿದ್ದಾಳೆ. ಸಾಗರದಿಂದ ಹೊಸನಗರ, ನಗರ, ಹುಲಿಕಲ್ ಘಾಟಿ ಇಳಿದು ಕುಂದಾಪುರ, ಅಲ್ಲಿಂದ ಕರಾವಳಿಯ ಉದ್ದಕ್ಕೆ ಉಡುಪಿ, ಆಮೇಲೆ ಹೆಬ್ರಿ, ಸೋಮೇಶ್ವರ, ಆಗುಂಬೆಯ 14 ತಿರುವು ಹತ್ತಿ ತೀರ್ಥಹಳ್ಳಿ, ಹೊಸನಗರದ ಮೇಲೆ ವಾಪಸು ಮನೆ. ಹಿಂದೆ ಎರಡು ಚೀಲ, ಮುಂದೆ ಒಂದು. ಬಟ್ಟೆಬರೆ, ಮಳೆಯಂಗಿ, ಪುಟ್ಟ ಗುಡಾರ, ಒಂದು ಸಣ್ಣ ಒಲೆ, ರಿಪೇರಿ ಸಾಮಾನು, ನೀರು. "ಅತ್ತೆ, ಇಪ್ಪತ್ತೊಂದು ಗೇರಿಂದು ತಗೊಳ್ಳಲಾ, ಇಪ್ಪತ್ತೇಳರದ್ದಾ? ಅಂಗಡಿಯವರು ಇಪ್ಪತ್ತೇಳೇ ಬೇಕು ಅಂತಾರೆ" ಎಂದು ಕೇಳಿದಳು. "ಎಷ್ಟು ಗೇರು ಅಂತ ಕೇಳಬೇಡ ಮಾರಾಯ್ತಿ, ಅತಿ ಚಿಕ್ಕ ಗೇರು ಎಷ್ಟು ಚಿಕ್ಕದು ಅಂತ ಕೇಳು" ಎಂದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತಿಗೆಗೆ ಗೇರು ಎಂದರೆ ಗೇರುಬೀಜ ಮಾತ್ರ. "ಚಿಕ್ಕದು ಯಾಕೆ ತಗೊಳ್ತೀರಿ, ದೊಡ್ಡದೇ ರುಚಿ" ಎಂದರು.

ಆ ಚಿಕ್ಕ ಗೇರಿನ ಲೆಕ್ಕ ಏನೂ ಕಷ್ಟದ್ದಲ್ಲ. ಹಿಂದಿನ ಕಾಲದಲ್ಲಿ ಮುಂದೊಂದು ಭಾರಿ ಚಕ್ರ, ಹಿಂದೊಂದು ಪುಟಾಣಿ ಚಕ್ರ ಇದ್ದ ಸೈಕಲ್ಲುಗಳ ಚಿತ್ರ ನೋಡಿರುತ್ತೀರಿ. ಅದರಲ್ಲಿ ಚೈನಿಲ್ಲ, ಪೆಡಲು ನೇರ ಚಕ್ರಕ್ಕೇ. ಪೆಡಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹಾಗಾಗಿ ಚಕ್ರ ಎಷ್ಟು ಅಂಗುಲವೋ ಅದೇ ಅದರ ಗೇರು. ಚೈನು ಬಂದ ಮೇಲೂ ಅದೇ ಅಳತೆ ಉಳಿದುಕೊಂಡಿತು. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಅಂಗುಲದಿಂದ ಗುಣಿಸಿದರೆ ಆಯಿತು. ನಮ್ಮ ಅಪ್ಪನ ಕಾಲದ ಕರೀ ಸೈಕಲ್ಲನ್ನೇ ತೆಗೆದುಕೊಳ್ಳಿ. ಮುಂದೆ 44 ಹಲ್ಲು, ಹಿಂದೆ 18, ಚಕ್ರ 28 ಅಂಗುಲ ಎಂದರೆ 68 ಅಂಗುಲ ಬಂತು. ಅಂದರೆ ಅದನ್ನು ತುಳಿಯುವವರು ಆಳೆತ್ತರದ ಒಂದು ಚಕ್ರವನ್ನು ಕಾಲಲ್ಲಿ ತಿರುಗಿಸುತ್ತಿದ್ದಾರೆ ಎಂದರ್ಥ. 20 ಅಂಗುಲದ ಗೇರು ಎಂದರೆ ದೊಡ್ಡ ಮಕ್ಕಳ ಸೈಕಲ್ಲಿನ ಚಕ್ರದಷ್ಟೇ. ಹೊರೆ ಹೇರಿಕೊಂಡು ಘಾಟಿ ಹತ್ತುವವರಿಗೆ 20ರ ಆಸುಪಾಸು, ಸಾಧ್ಯವಾದರೆ ಇನ್ನೂ ಕೆಳಗೆ, ಒಂದು ಗೇರು ಇರಲೇಬೇಕು. ಕ್ಯಾಟಲಾಗನ್ನು ನಾನು ಅಳೆಯುವುದು ಈ ಒಂದು ಕೋಲಿನಿಂದ.

ಅಳೆದು ನೋಡಿದರೆ ತಮಾಷೆಯಾಗುತ್ತದೆ. ದೂರ ಪ್ರಯಾಣಕ್ಕೆ ಎಂದು ಅಂಗಡಿಯವರು ಮೊದಲು ಮುಂದಿಡುವುದು ತೆಳ್ಳನೆ ಚಕ್ರದ, ಬಾಗಿದ ಹ್ಯಾಂಡಲಿನ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವ ಸೈಕಲ್ಲು. ಅಂಥದ್ದರಲ್ಲಿ ಸಾಮಾನ್ಯವಾಗಿ ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 28. ಅತಿ ಚಿಕ್ಕ ಗೇರು 34ಕ್ಕೆ 28, ಅಂದರೆ ಸುಮಾರು 33 ಅಂಗುಲ. ಅದೇ ಅಂಗಡಿಯ ಮೂಲೆಯಲ್ಲಿ, ಹೈಸ್ಕೂಲು ಹುಡುಗರಿಗೆಂದು ಸಾಲಾಗಿ ನಿಲ್ಲಿಸಿದ, ಅದಕ್ಕಿಂತ ಎಷ್ಟೋ ಪಾಲು ಅಗ್ಗದ 21 ಗೇರಿನ ಗುಡ್ಡಗಾಡು ಸೈಕಲ್ಲಿನಲ್ಲಿ ಮುಂದೆ ಚಿಕ್ಕ ಚಕ್ರ 24 ಹಲ್ಲು, ಹಿಂದೆ ದೊಡ್ಡದು 28, ಚಕ್ರ 26 ಅಂಗುಲ. ಲೆಕ್ಕ ಹಾಕಿ, 22 ಅಂಗುಲ ಬರುತ್ತದೆ. ಆಗುಂಬೆಯ ಏರಿನಲ್ಲಿ ಬಡವರ ಸೈಕಲ್ಲೇ ದಯಾವಂತ!

ಹಾಗೆಂದು ಆ 21 ಎನ್ನುವ ಸಂಖ್ಯೆಯನ್ನೂ ನಂಬಬೇಡಿ. ಮುಂದೆ 24, 34, 42. ಹಿಂದೆ 14, 16, 18, 20, 22, 24, 28. ಒಂದು ಮಧ್ಯಾಹ್ನ ಊಟವಾದ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಪ್ಪತ್ತೊಂದನ್ನೂ ಭಾಗಿಸಿ ನೋಡಿದೆ. 24ಕ್ಕೆ 16 ಹಾಕಿದರೂ ಒಂದೂವರೆ, 42ಕ್ಕೆ 28 ಹಾಕಿದರೂ ಒಂದೂವರೆ. 24ಕ್ಕೆ 14, 34ಕ್ಕೆ 20, 42ಕ್ಕೆ 24, ಮೂರೂ ಹೆಚ್ಚುಕಡಿಮೆ ಒಂದೇ. ಹೀಗೆ ಒಂದರ ಮೇಲೊಂದು ಕೂತವನ್ನು ತೆಗೆದರೆ ನಿಜವಾಗಿ ಬೇರೆಬೇರೆ ಎನ್ನಬಹುದಾದ ಗೇರುಗಳು 14 ಉಳಿದವು. ಅದರಲ್ಲೂ ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ, ಆದ್ದರಿಂದ ಅವನ್ನು ಬಳಸುವ ಹಾಗಿಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಚೈನಿನ ಗೇರುಗಳ ಸ್ವಭಾವವೇ ಅದು. ಆದರೆ ಆ ಸಂಖ್ಯೆಯನ್ನೇ ಬಾವುಟದ ಹಾಗೆ ಹಾರಿಸುವುದಿದೆಯಲ್ಲ, ಅದು ಮೋಸದ ತಂಗಿ.

ಚಿಕ್ಕ ಗೇರಿನ ಮೇಲೆ ಇಷ್ಟೇಕೆ ಹಟ ಎಂದು ಕೇಳಬಹುದು. ಒಂದು ಲೆಕ್ಕ ಕೊಡುತ್ತೇನೆ, ಸಾಕಾಗುತ್ತದೆ. ಹುಡುಗಿ 60 ಕಿಲೋ, ಸೈಕಲ್ಲು 15, ಸಾಮಾನು 20, ನೀರು ಮತ್ತು ತಿಂಡಿ 5. ಒಟ್ಟು 100 ಕಿಲೋ. ನೂರು ಮೀಟರು ಮುಂದೆ ಹೋದರೆ ಏಳು ಮೀಟರು ಮೇಲೇರುವ ರಸ್ತೆ. ನಿಮಿಷಕ್ಕೆ 60 ಸುತ್ತು ಪೆಡಲು ತುಳಿಯುತ್ತಾಳೆ ಎನ್ನೋಣ, ಇದು ಆರಾಮದ ಲಯ. 33 ಅಂಗುಲದ ಗೇರಿನಲ್ಲಿ ಈ ಲಯಕ್ಕೆ ಗಂಟೆಗೆ ಒಂಬತ್ತೂವರೆ ಕಿಲೋಮೀಟರು ವೇಗವಾಗುತ್ತದೆ, ಅದಕ್ಕೆ ಅವಳ ಕಾಲು ಕೊಡಬೇಕಾದ ಶಕ್ತಿ 200 ವಾಟ್ ದಾಟುತ್ತದೆ. 20 ಅಂಗುಲದಲ್ಲಿ ಅದೇ ಲಯಕ್ಕೆ ವೇಗ ಆರು ಕಿಲೋಮೀಟರಿಗೂ ಸ್ವಲ್ಪ ಕಡಿಮೆ, ಶಕ್ತಿ ಸುಮಾರು 120 ವಾಟ್. ದಿನಾ ಸೈಕಲ್ ತುಳಿದು ಅಭ್ಯಾಸವಿರುವ ಆರೋಗ್ಯವಂತ ಹೆಂಗಸು 120ನ್ನು ಬೆವರು ಸುರಿಸಿಕೊಂಡು, ನಡುನಡುವೆ ನಿಂತು ನೀರು ಕುಡಿದುಕೊಂಡು ಕೊಡಬಲ್ಲಳು. 200ನ್ನು ಗಂಟೆಗಟ್ಟಲೆ ಕೊಡಬೇಕಾದರೆ ಪಂದ್ಯಕ್ಕೆ ತಯಾರಾದವರೇ ಆಗಬೇಕು. ರಸ್ತೆ ಅದೇ, ಹುಡುಗಿ ಅವಳೇ, ಹೊರೆಯೂ ಅದೇ. ವ್ಯತ್ಯಾಸ ಇರುವುದು ಕೆಲವೇ ಹಲ್ಲುಗಳಲ್ಲಿ.

"ದೊಡ್ಡ ಗೇರಿನಲ್ಲೇ ನಿಧಾನ ತುಳಿದರಾಯಿತಲ್ಲ" ಎನ್ನುತ್ತಾರೆ ಅಂಗಡಿಯವರು. ಆಗುತ್ತದೆ. ಆದರೆ ಒಂದೊಂದು ತುಳಿತಕ್ಕೂ ಒಂದೂವರೆ ಪಾಲಿಗಿಂತ ಹೆಚ್ಚು ಬಲ ಹಾಕಬೇಕು, ಆ ಬಲವೆಲ್ಲ ಮೊಣಕಾಲಿನ ಮೇಲೆ ಬರುತ್ತದೆ. ಕೂತು ಆಗದೆ ಎದ್ದು ನಿಂತು ತುಳಿಯಬೇಕು, ಎದ್ದು ತುಳಿದರೆ ಚೀಲ ಕಟ್ಟಿದ ಸೈಕಲ್ಲು ಕಟ್ಟಿಹಾಕಿದ ಕರುವಿನಂತೆ ಆಚೆ ಈಚೆ ಎಳೆದಾಡುತ್ತದೆ. ಹಿಂದೆ ಮರದ ಲಾರಿ ಹಾರನ್ನು ಹೊಡೆಯುತ್ತಿರುತ್ತದೆ. ಮೂರನೆಯ ತಿರುವಿನಲ್ಲಿ ಇಳಿದು ತಳ್ಳುವುದೇ ಗತಿ.

ಇಳಿದು ತಳ್ಳುವುದು ಅವಮಾನವೇನಲ್ಲ, ನಾನೂ ತಳ್ಳುತ್ತೇನೆ. ನನ್ನ ತಕರಾರು ಬೇರೆ. ಅವಳು ಮೊದಲ ಘಾಟಿಯಲ್ಲೇ ಮೊಣಕಾಲು ನೋಯಿಸಿಕೊಂಡು ಬಸ್ಸಿನ ಮೇಲೆ ಸೈಕಲ್ಲು ಹಾಕಿಸಿ ಮನೆಗೆ ಬಂದಳೆನ್ನಿ. ಮನೆಯಲ್ಲಿ ಯಾರಾದರೂ "ಮುಂದಿನ ಹಲ್ಲು ಹೆಚ್ಚಾಯಿತು" ಎನ್ನುತ್ತಾರೆಯೆ? "ನಾವು ಮೊದಲೇ ಹೇಳಿರಲಿಲ್ವಾ, ಹೆಣ್ಣುಮಕ್ಕಳ ಕೈಲಿ ಆಗೋ ಕೆಲಸ ಅಲ್ಲ" ಎನ್ನುತ್ತಾರೆ. ಯಂತ್ರದ ಕೊರತೆ ಹೆಣ್ಣಿನ ಮೈಯ ಖಾತೆಗೆ ಜಮೆಯಾಗುತ್ತದೆ. ಬಸ್ಸಿನ ಮೊದಲ ಮೆಟ್ಟಿಲನ್ನು ಮಂಡಿಯೆತ್ತರಕ್ಕೆ ಇಟ್ಟವರು ಯಾರೋ, ಹತ್ತಲಾರದೆ ನಾಚುವವಳು ಸೀರೆಯುಟ್ಟ ಮುದುಕಿ. ಇದೂ ಹಾಗೇ. ಹುಡುಗಿಗಿರಲಿ, ಅವಳ ತಂಗಿಯರಿಗೂ ಮುಂದೆ ಹತ್ತು ವರ್ಷ ಆ ದಾರಿ ಮುಚ್ಚಿಹೋಗುತ್ತದೆ. ಹತ್ತಾರು ಹಲ್ಲಿನ ಹೆಚ್ಚುಕಡಿಮೆಗೆ ಇಷ್ಟು ದಂಡ!

ಈ ಜಗಳಕ್ಕೆ ನೂರು ವರ್ಷದ ಮೇಲಾಗಿದೆ ಎಂದು ಓದಿ ತಿಳಿದಾಗ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಡಿರೈಲರ್ ಎನ್ನುವುದು ಫ್ರೆಂಚ್ ಮಾತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಸಾಧನ ಅದು, ಹೆಸರಿನ ಅರ್ಥ ಹಳಿ ತಪ್ಪಿಸುವುದು. ಹಳಿ ತಪ್ಪಿದವಳು ಎನ್ನುವುದು ನಮ್ಮಲ್ಲಿ ಎಂಥ ಬೈಗುಳವೆಂದು ನಿಮಗೆ ಗೊತ್ತಿದೆ. ಅಲ್ಲಿ ಅದೇ ಕೆಲಸವನ್ನು ಬೇಕೆಂದೇ ಮಾಡಿಸಿ, ಅದಕ್ಕೊಂದು ಯಂತ್ರ ಕಟ್ಟಿ, ಗೌರವದ ಹೆಸರಿಟ್ಟರು. ಇದರ ದೊಡ್ಡ ವಕೀಲ ಪಾಲ್ ದ ವಿವೀ ಎಂಬಾತ. ರೇಷ್ಮೆ ವ್ಯಾಪಾರ ಬಿಟ್ಟು ಸೇಂತ್ ಎತಿಯೆನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟ, 1887ರಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆ ಹೊರಡಿಸಿದ, ವೆಲೋಸಿಯೋ ಎಂಬ ಕಾವ್ಯನಾಮದಲ್ಲಿ ಬರೆದ. ಗುಡ್ಡದ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಇವನನ್ನು, ಬಾಯಲ್ಲಿ ಪೈಪು ಕಚ್ಚಿಕೊಂಡ ಹುಡುಗನೊಬ್ಬ ಹಿಂದೆ ಹಾಕಿ ಹೋದನಂತೆ, ಅಲ್ಲಿಂದ ಗೇರಿನ ಚಿಂತೆ ಹತ್ತಿತಂತೆ. ಸವಾರರಿಗೆಂದು ಇವನು ಹಾಕಿಕೊಟ್ಟ ನಿಯಮಗಳಲ್ಲಿ, ಬರೀ ಒಣ ಅಭಿಮಾನಕ್ಕಾಗಿ ಪೆಡಲು ತುಳಿಯಬೇಡಿ ಎನ್ನುವುದೂ ಒಂದು. ಗಂಡಸೊಬ್ಬ ಗಂಡಸರಿಗೆ ಹೇಳಿದ ಮಾತು ಎನ್ನುವುದನ್ನು ಗಮನಿಸಿ.

1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವೊಂದು ಬೆಟ್ಟದ ದಾರಿಯಲ್ಲಿ ಗೇರು ಬದಲಿಸುವ ಸೈಕಲ್ಲುಗಳ ಪರೀಕ್ಷೆ ನಡೆಸಿತು. ಮಾರ್ತ್ ಎಸ್ ಎಂಬ ಹೆಂಗಸು ಮೂರು ಗೇರಿನ ಸೈಕಲ್ಲಿನಲ್ಲಿ ಇಡೀ ದಾರಿಯನ್ನು ಕಾಲು ನೆಲಕ್ಕೂರದೆ ಮುಗಿಸಿದಳೆಂದು ಹೇಳುತ್ತಾರೆ. ಆಗ ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕರು, ಅಂದರೆ ಮರುವರ್ಷ ತೂರ್ ದ ಫ್ರಾನ್ಸ್ ಎಂಬ ಮಹಾ ಪಂದ್ಯ ಶುರುಮಾಡಿದ ಅದೇ ಪುಣ್ಯಾತ್ಮರು, ಪರೀಕ್ಷೆಗೇನೋ ಭೇಷ್ ಎಂದರು. ಹಿಂದೆಯೇ ಒಂದು ಕೊಂಕು ಸೇರಿಸಿದರು. ಗೇರು ನಲವತ್ತೈದು ದಾಟಿದವರಿಗೆ ಸರಿ, ತೋಳು ತೊಡೆಯ ಬಲದಿಂದ ಗೆಲ್ಲುವುದೇ ನಿಜವಾದ ಗೆಲುವು ಎಂಬುದು ಅವರ ಮಾತಿನ ಸಾರ. ಅವರು ಅಧಿಕಾರ ಬಿಡುವವರೆಗೂ ಆ ಪಂದ್ಯದಲ್ಲಿ ಡಿರೈಲರಿಗೆ ಪ್ರವೇಶ ಸಿಗಲಿಲ್ಲ, 1937ರಲ್ಲಿ ಸಿಕ್ಕಿತು. ನನಗೆ ನಲವತ್ತೈದು ದಾಟಿ ಬಹಳ ಕಾಲವಾಯಿತು. ಅವರು ಕೊಂಕಾಗಿ ಆಡಿದ್ದನ್ನು ನಾನು ವೈದ್ಯರ ಚೀಟಿಯ ಹಾಗೆ ಮಡಿಚಿ ಇಟ್ಟುಕೊಂಡಿದ್ದೇನೆ.

ಗೇರು ಬೇಡ ಎನ್ನುವವರು ನನ್ನೆದುರು ಹಿಡಿಯುವ ದೊಡ್ಡ ಗುರಾಣಿ ಡರ್ವ್ಲಾ ಮರ್ಫಿ. ಐರ್ಲೆಂಡಿನ ಈಕೆಯನ್ನು ನಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಐದು ವರ್ಷದ ಮಗಳನ್ನು ಕರೆದುಕೊಂಡು ಕೊಡಗಿನಲ್ಲಿ ತಂಗಿದ್ದು, 1976ರಲ್ಲಿ ಅದರ ಬಗ್ಗೆ ಪುಸ್ತಕ ಬರೆದದ್ದು ಈಕೆಯೇ. ಅದಕ್ಕೂ ಮೊದಲು 1963ರಲ್ಲಿ ಸೈಕಲ್ಲಿನ ಮೇಲೆ ಒಬ್ಬರೇ ಯುರೋಪಿನಿಂದ ದೆಹಲಿಗೆ ಬಂದರು, ಆ ಪ್ರಯಾಣದ ಪುಸ್ತಕ 'ಫುಲ್ ಟಿಲ್ಟ್' 1965ರಲ್ಲಿ ಬಂತು. ಹೊರಡುವ ಮೊದಲು ತಮ್ಮ ಸೈಕಲ್ಲಿನ ಮೂರು ಗೇರಿನ ಡಿರೈಲರನ್ನು ಕಳಚಿಸಿಬಿಟ್ಟಿದ್ದರು. "ನೋಡಿ, ಒಬ್ಬ ಹೆಂಗಸು ಗೇರಿಲ್ಲದೆ ಹಿಮಾಲಯಕ್ಕೆ ಬಂದಳು, ನಿಮಗೆ ಆಗುಂಬೆಗೆ ಇಪ್ಪತ್ತು ಅಂಗುಲ ಬೇಕೆ?" ಎಂದು ನನ್ನನ್ನು ಹಂಗಿಸಿದವರಿದ್ದಾರೆ.

ಪುಸ್ತಕವನ್ನು ಸರಿಯಾಗಿ ಓದಿದರೆ ಅಲ್ಲಿ ಇಂಥ ಜಂಬ ಇಲ್ಲವೇ ಇಲ್ಲ. ಆ ನಾಜೂಕಿನ ಸಾಧನ ಏಷ್ಯಾದ ರಸ್ತೆಗಳಿಗೆ ತಡೆಯದು ಎಂದು ಕಳಚಿಸಿದ್ದು, ಅಷ್ಟೆ. ಆ ಕಾಲದ ಡಿರೈಲರಿನ ಮಟ್ಟಕ್ಕೆ ಅದು ವಿವೇಕದ ತೀರ್ಮಾನ. ಗೇರು ದುರ್ಬಲರಿಗೆ ಎಂಬ ದೆಗ್ರಾಂಜರ ಮಾತಿಗೂ, ಗೇರು ಮುರಿದೀತು ಎಂಬ ಮರ್ಫಿಯವರ ಮಾತಿಗೂ ಅಜಗಜಾಂತರ. ಏರಿನಲ್ಲಿ ಇಳಿದು ತಳ್ಳಿದ್ದನ್ನು, ಬಾಬುಸರ್ ಕಣಿವೆಯಲ್ಲಿ ಸೈಕಲ್ಲನ್ನು ಹಿಮದ ಮೇಲೆ ಸಾಗಿಸಿದ ಪಾಡನ್ನು ಅವರು ಮುಚ್ಚಿಟ್ಟಿಲ್ಲ. ಪ್ರವಾಸ ಕಥನ ಓದುವ ನಾವು ಮಾತ್ರ ಆ ತಳ್ಳುವ ಪುಟಗಳನ್ನು ಸರಸರ ದಾಟಿ, ಒಂದೇ ಗೇರಿನ ವೀರಗಾಥೆ ಹೊಸೆದುಕೊಂಡಿದ್ದೇವೆ. ಮರ್ಫಿ 2022ರಲ್ಲಿ ತೀರಿಕೊಂಡರು. ಅವರನ್ನು ನಾನು ತುಂಬ ಮೆಚ್ಚುತ್ತೇನೆ, ಆದರೆ ಅವರ ಹೆಸರನ್ನು ಬೇರೆ ಹೆಂಗಸರ ಬೆನ್ನಿಗೆ ಬಾರುಕೋಲಾಗಿ ಬಳಸುವುದನ್ನು ಒಪ್ಪಲಾರೆ.

ಒಂದೇ ಗೇರಿನ ಕಷ್ಟ ನಮ್ಮ ಮಲೆನಾಡಿನ ಹುಡುಗಿಯರಿಗೆ ಪುಸ್ತಕದಿಂದ ತಿಳಿಯಬೇಕಾದ್ದೇನೂ ಅಲ್ಲ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿ ಹಲವು ವರ್ಷ ಕೊಟ್ಟಿತು. ಬಹಳ ಒಳ್ಳೆಯ ಕೆಲಸ, ಎಷ್ಟೋ ಹುಡುಗಿಯರು ಅದರಿಂದಲೇ ಹೈಸ್ಕೂಲು ಮುಗಿಸಿದರು. ಬಯಲುಸೀಮೆಗೆ ಅದು ಹೇಳಿ ಮಾಡಿಸಿದ ಸೈಕಲ್ಲು. ನಮ್ಮ ಕಡೆ ಬೆಳಿಗ್ಗೆ ಎಂಟೂವರೆಗೆ ರಸ್ತೆಯಲ್ಲಿ ನಿಂತು ನೋಡಿದರೆ ಅರ್ಧ ಹುಡುಗಿಯರು ಸೈಕಲ್ಲನ್ನು ತುಳಿಯುತ್ತಿರುತ್ತಿರಲಿಲ್ಲ, ಕ್ಯಾರಿಯರಿಗೆ ಪಾಟಿಚೀಲ ಸಿಕ್ಕಿಸಿ ತಳ್ಳುತ್ತಿರುತ್ತಿದ್ದರು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ 'ಲೇಡೀಸ್' ಸೈಕಲ್ಲಿನ ಕಥೆ ಇನ್ನೂ ವಿಚಿತ್ರ. ಗುಲಾಬಿ ಬಣ್ಣ, ಮುಂದೊಂದು ಬುಟ್ಟಿ, ಹ್ಯಾಂಡಲಿಗೆ ಕುಚ್ಚು. ಗೇರು? ಬಹುಮಟ್ಟಿಗೆ ಒಂದೇ. ಬುಟ್ಟಿಯಲ್ಲಿ ಹೊರೆ ಇಡು ಎನ್ನುತ್ತಾರೆ, ಹೊರೆ ಹೊತ್ತು ಹತ್ತುವ ಉಪಾಯ ಮಾತ್ರ ಕೊಡುವುದಿಲ್ಲ.

ಇನ್ನು ಡಿರೈಲರಿನ ಆಯ್ಕೆ. ಮರ್ಫಿಯವರ ಕಾಲಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಹಿಂದಿನ ಡಿರೈಲರು ಎಂದರೆ ನಾಲ್ಕು ಕೀಲಿನ ಒಂದು ಓರೆ ಚೌಕಟ್ಟು. ತಂತಿ ಎಳೆದರೆ ಚೌಕಟ್ಟು ವಾಲುತ್ತದೆ, ವಾಲಿದಂತೆ ಚೈನು ಪಕ್ಕದ ಹಲ್ಲುಚಕ್ರಕ್ಕೆ ದಾಟುತ್ತದೆ. 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ಈ ಚೌಕಟ್ಟನ್ನು ಸ್ವಲ್ಪ ಇಳಿಜಾರಾಗಿ ಕೂರಿಸಿತು. ಹಲ್ಲುಚಕ್ರಗಳು ದೊಡ್ಡದಾಗುತ್ತ ಹೋದಂತೆ ಡಿರೈಲರೂ ಅದೇ ಓರೆಯಲ್ಲಿ ಕೆಳಗಿಳಿಯುತ್ತದೆ, ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇಷ್ಟು ಸರಳ ಉಪಾಯ. ಅದರ ಹಕ್ಕಿನ ಅವಧಿ ಮುಗಿದ ಮೇಲೆ ಉಳಿದವರೆಲ್ಲ ಅದನ್ನೇ ಹಿಡಿದರು. ಎಂಬತ್ತರ ದಶಕದ ನಡುವಿನಲ್ಲಿ ಶಿಮಾನೊದವರು ಟಿಕ್ ಟಿಕ್ ಎಂದು ಒಂದೊಂದೇ ಗೇರು ತಾನಾಗಿ ಕೂರುವ ಏರ್ಪಾಡು ತಂದರು. ಅಲ್ಲಿಂದೀಚೆಗೆ ಡಿರೈಲರು ನಾಜೂಕಿನ ವಸ್ತು ಎಂಬ ಮಾತು ನಿಲ್ಲುವುದಿಲ್ಲ.

ಹೊರೆಯ ಸೈಕಲ್ಲಿಗೆ ಉದ್ದ ಕಾಲಿನ ಡಿರೈಲರೇ ಬೇಕು. ಕೆಳಗೆ ಜೋತಾಡುವ ಎರಡು ಪುಟ್ಟ ಗಾಲಿಗಳ ನಡುವಿನ ಪಟ್ಟಿ ಉದ್ದವಿರಬೇಕು, ಅಷ್ಟೆ. ಕಾರಣ ಇದು: ಚಿಕ್ಕ ಹಲ್ಲುಚಕ್ರಕ್ಕೆ ಹೋದಾಗ ಮಿಗುವ ಚೈನನ್ನು ಈ ಕಾಲು ಸೆರಗು ಸುತ್ತಿಕೊಂಡ ಹಾಗೆ ಎಳೆದಿಟ್ಟುಕೊಳ್ಳಬೇಕು. ಎಷ್ಟು ಸುತ್ತಿಕೊಳ್ಳಬಲ್ಲದು ಎನ್ನುವುದಕ್ಕೂ ಲೆಕ್ಕವಿದೆ. ಮುಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಹಿಂದಿನ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, ಎರಡನ್ನೂ ಕೂಡಿಸಿ. ಮುಂದೆ 44ರಿಂದ 22, ಹಿಂದೆ 11ರಿಂದ 34 ಇದ್ದರೆ 22 ಮತ್ತು 23, ಒಟ್ಟು 45. ಒಂಬತ್ತು ಹಲ್ಲುಚಕ್ರದ ಕಾಲದ ಶಿಮಾನೊ ಗುಡ್ಡಗಾಡು ಡಿರೈಲರುಗಳ ಮಿತಿ ಸರಿಯಾಗಿ 45. ಪಂದ್ಯದ ಸೈಕಲ್ಲಿನ ಗಿಡ್ಡ ಕಾಲಿನ ಡಿರೈಲರಿಗೆ ಇದರ ಹತ್ತಿರವೂ ಬರಲಾಗದು. ಅಂಗಡಿಯಲ್ಲಿ "ಹಿಂದೆ ದೊಡ್ಡದು ಹಾಕಿಕೊಡ್ತೀನಿ ಬಿಡಿ" ಎನ್ನುತ್ತಾರಲ್ಲ, ಆಗ ಕೇಳಬೇಕಾದ ಪ್ರಶ್ನೆ ಇದೇ.

ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು ಎನ್ನುವುದು ಈಚಿನ ಹೊಸ ಚಾಲ್ತಿ. ಹಿಂದಿನ ದೊಡ್ಡದು ಊಟದ ತಟ್ಟೆಯಷ್ಟು, 51 ಹಲ್ಲು. ಮುಂದೆ 32 ಇದ್ದರೆ ಅತಿ ಚಿಕ್ಕ ಗೇರು 17 ಅಂಗುಲಕ್ಕೆ ಬರುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಮುಂದಿನ ಡಿರೈಲರಿನ ರಗಳೆಯೂ ತಪ್ಪಿತು. ಆದರೆ ಗೇರಿನಿಂದ ಗೇರಿಗೆ ಹಾರು ದೊಡ್ಡದು, ಒಂದು ಹೆಚ್ಚಾಯಿತು ಇನ್ನೊಂದು ಕಡಿಮೆಯಾಯಿತು ಎಂದು ದಿನವಿಡೀ ಕಾಲು ಗೊಣಗುತ್ತದೆ. ಅದರ ತೆಳು ಚೈನು ಹೊಸನಗರದಲ್ಲಿ ಕಡಿದರೆ ಅಲ್ಲಿ ಯಾರ ಹತ್ತಿರ ಸಿಗಬೇಕು? ಏಳೆಂಟು ಹಲ್ಲುಚಕ್ರದ ಚೈನಾದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಕ್ಕೀತು. ನಮ್ಮ ದಾರಿಗೆ ನಾನು ಹಳೆಯದರ ಪರ.

ಹಳೆಯದರ ಪರ ಇರುವುದಕ್ಕೆ ಇನ್ನೂ ಒಂದು ಕಾರಣವಿದೆ. ಎಂಟು, ಒಂಬತ್ತು ಹಲ್ಲುಚಕ್ರದವರೆಗೆ ಶಿಮಾನೊದ ಪಂದ್ಯದ ಗೇರು ಹಿಡಿಗೂ ಗುಡ್ಡಗಾಡಿನ ಡಿರೈಲರಿಗೂ ಹೊಂದಾಣಿಕೆ ಇತ್ತು, ತಂತಿಯ ಎಳೆತ ಒಂದೇ. ಹತ್ತು ಹಲ್ಲುಚಕ್ರದ ಗುಡ್ಡಗಾಡು ಸಾಮಾನು ಬಂದಾಗ, 2010ರ ಸುಮಾರಿಗೆ, ಎಳೆತ ಬದಲಾಯಿಸಿದರು. ಅಲ್ಲಿಂದ ಸೊಸೆ ತಂದ ಪಾತ್ರೆಗೆ ಅತ್ತೆಯ ಮುಚ್ಚಳ ಕೂರದು. ಇದು ಸುಧಾರಣೆ ಎಂದು ಕ್ಯಾಟಲಾಗು ಹೇಳಿತು. ಇದ್ದದ್ದನ್ನೇ ಜೋಡಿಸಿಕೊಂಡು ಬದುಕುವವರಿಗೆ ಅದು ಬಾಗಿಲು ಮುಚ್ಚಿದ ಸದ್ದು.

ಮೇಲಿನ ಗೇರಿನ ಬಗ್ಗೆ ಎರಡು ಮಾತು ಸಾಕು. 44ಕ್ಕೆ 11 ಎಂದರೆ 26ರ ಚಕ್ರದಲ್ಲಿ 104 ಅಂಗುಲ, ಚುರುಕಾಗಿ ತುಳಿದರೆ ಗಂಟೆಗೆ 40 ಕಿಲೋಮೀಟರು. ಮೂರು ಚೀಲ ಕಟ್ಟಿಕೊಂಡು ಅದಕ್ಕಿಂತ ಜೋರಾಗಿ ಯಾರಾದರೂ ತುಳಿಯುತ್ತಾರೆಯೆ? ಇಳಿಜಾರಿನಲ್ಲಿ ಬೇಕಾಗುವುದು ಬ್ರೇಕು. ತಳದಲ್ಲೂ ಒಂದು ಮಿತಿಯಿದೆ. 15 ಅಂಗುಲಕ್ಕಿಂತ ಕೆಳಗಿಳಿದರೆ ಸೈಕಲ್ಲು ನಡೆಯುವವರಷ್ಟೇ ನಿಧಾನವಾಗಿ ತೂರಾಡಲು ಶುರುವಾಗುತ್ತದೆ. ಆಗ ಇಳಿದು ನಡೆಯುವುದೇ ಲಕ್ಷಣ.

ಅಗ್ಗದ 21 ಗೇರಿನದ್ದನ್ನೇ ಕೊಳ್ಳು ಎಂದು ಹುಡುಗಿಗೆ ನಾನು ಹೇಳಲಿಲ್ಲ. ಕಾರಣ ಗೇರಲ್ಲ, ಅಚ್ಚು. ಅದರ ಹಲ್ಲುಚಕ್ರಗಳು ತಿರುಪಿನ ಫ್ರೀವೀಲಿನ ಮೇಲೆ ಕೂತಿರುತ್ತವೆ. ಬಲಗಡೆಯ ಬೇರಿಂಗು ಒಳಗೆ ಸರಿದು, ಅಚ್ಚಿನ ತುದಿ ಆಸರೆಯಿಲ್ಲದೆ ಉಳಿಯುತ್ತದೆ. ಹಿಂದೆ 20 ಕಿಲೋ ಹೇರಿ ಗುಂಡಿ ಹಾರಿಸಿದರೆ ಅಚ್ಚು ಬಾಗಬಹುದು, ಮುರಿಯಲೂಬಹುದು. ಕ್ಯಾಸೆಟ್ ಎನ್ನುವ ಬಗೆಯದರಲ್ಲಿ ಬೇರಿಂಗು ತುದಿಯಲ್ಲೇ ಇರುತ್ತದೆ, ಭಾರ ತಾಳುತ್ತದೆ. ಕೊನೆಗೆ ಅವಳು ಕೊಂಡದ್ದು ಯಾರೋ ಬಳಸಿ ಬಿಟ್ಟ ಹಳೆಯ ಕಬ್ಬಿಣದ ಗುಡ್ಡಗಾಡು ಸೈಕಲ್ಲು. ಮುಂದೆ ಸ್ಪ್ರಿಂಗಿಲ್ಲ, ಚಕ್ರ 26 ಅಂಗುಲ, ಮುಂದೆ 44, 32, 22, ಹಿಂದೆ ಎಂಟರ ಕ್ಯಾಸೆಟ್, 11ರಿಂದ 32. ಅತಿ ಚಿಕ್ಕ ಗೇರು 18 ಅಂಗುಲ. ಅದರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದು ಕಿಲೋಮೀಟರಿನ ಮೇಲೊಂದಿಷ್ಟು. ಬಳಸಿದ ಸೈಕಲ್ಲೆಂದು ಅವಳ ಅಪ್ಪ, ಅಂದರೆ ನನ್ನ ಅಣ್ಣ, ಮುಖ ಸೊಟ್ಟ ಮಾಡಿದ. "ಹೊಸದು ಕೊಡಿಸೋಕೆ ನನಗೆ ಗತಿ ಇಲ್ವಾ?" ಎಂದ. ಗತಿಯ ಪ್ರಶ್ನೆಯಲ್ಲ ಅಣ್ಣಯ್ಯ, ಹಲ್ಲಿನ ಪ್ರಶ್ನೆ ಎಂದೆ.

ಗೇರು ಹಿಡಿ ಅಂಗಡಿಯವರು ಹೊಸದು ಹಾಕಹೊರಟಿದ್ದರು, ನಾವು ಬೇಡವೆಂದೆವು. ಅದರಲ್ಲಿದ್ದದ್ದು ಹಳೆಯ ಹೆಬ್ಬೆರಳಿನ ಹಿಡಿ, ಟಿಕ್ ಟಿಕ್ ವ್ಯವಸ್ಥೆ ಕೆಟ್ಟರೆ ಒಂದು ತಿರುಪು ತಿರುಗಿಸಿ ಸುಮ್ಮನೆ ಜಾರಿಸಿಕೊಂಡು ಬಳಸಬಹುದು. ಡಿರೈಲರು ನೇತಾಡುವ ಕೊಕ್ಕೆ ಬಿದ್ದಾಗ ಬಾಗುವ ಮೊದಲ ಭಾಗ. ಅಲ್ಯೂಮಿನಿಯಂ ಸೈಕಲ್ಲಾದರೆ ಅದಕ್ಕೆ ಸರಿಹೊಂದುವ ಇನ್ನೊಂದು ಕೊಕ್ಕೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಬೇಕು, ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರುವುದು ಅಪರೂಪ. ಕಬ್ಬಿಣದ್ದಾದ್ದರಿಂದ ಇದನ್ನು ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿಕೊಳ್ಳಬಹುದು. ಅಂಗಡಿಯ ಹುಡುಗ ಅದನ್ನು ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವಳಿಗೆ ಎರಡು ಸಲ ಮಾಡಿ ತೋರಿಸಿದ. ಮೂರನೆಯ ಸಲ ಅವಳ ಕೈಗೇ ಸ್ಪ್ಯಾನರು ಕೊಟ್ಟು, ತಾನು ಚಹಾ ಕುಡಿಯಲು ಹೋದ.